ಪುಟ್ಟಲಕ್ಷ್ಮಿಗೆ ಬರುತ್ತಿದ್ದ ಕಂಪ್ಯೂಟರ್ ಭಾಷೆ

ಪುಟ್ಟಲಕ್ಷ್ಮಿ ಸುಳ್ಳು ಹೇಳಿ ಆ ಕೆಲಸಕ್ಕೆ ಸೇರಿದ್ದಲ್ಲ. ಕಂಪ್ಯೂಟರ್ ಭಾಷೆ ಬರುತ್ತದೆಯೇ ಎಂದು ಕೇಳಿದರು, ಬರುತ್ತದೆ ಎಂದಳು. ಏಳು ವರ್ಷದಿಂದ ಎಲ್ಲರೂ ಅವಳಿಗೆ ಹಾಗೆಂದೇ ಹೇಳುತ್ತ ಬಂದಿದ್ದರು. ಅವಳೂ ನಂಬಿದ್ದಳು.

ಅವಳು ಚನ್ನಪಟ್ಟಣದ ಕಡೆಯವಳು. ಮದುವೆಯಾಗಿ ಮುಂಬಯಿಗೆ ಬಂದದ್ದು ಎಪ್ಪತ್ತನಾಲ್ಕರಲ್ಲಿ. ಗಂಡ ಜಯಸಿಂಹ ಪರೇಲಿನ ಒಂದು ಬಟ್ಟೆ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಕುರ್ಲಾದ ಚಾಳಿನಲ್ಲಿ ಒಂದೂವರೆ ಖೋಲಿಯ ಮನೆ, ಸುಮಿತ್ರಾ ಎಂಬ ಒಬ್ಬಳೇ ಮಗಳು. ಎಂಬತ್ತೆರಡರ ಮುಷ್ಕರದಲ್ಲಿ ಮಿಲ್ಲು ಮುಚ್ಚಿತು, ಮತ್ತೆ ತೆರೆಯಲಿಲ್ಲ. ಜಯಸಿಂಹ ಕೆಲವು ತಿಂಗಳು ಅಲ್ಲಿಲ್ಲಿ ಓಡಾಡಿದ. ಆಮೇಲೆ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತವನು ಎದ್ದದ್ದು ಕಡಿಮೆ. ಮಾತಂತೂ ನಿಂತೇಹೋಯಿತು. ಕುಡಿತವಿಲ್ಲ, ಜಗಳವಿಲ್ಲ, ಊಟಕ್ಕೆ ಕರೆದರೆ ಬರುತ್ತಿದ್ದ, ಅಷ್ಟೇ.

ಪುಟ್ಟಲಕ್ಷ್ಮಿಗೆ ಇಂಗ್ಲಿಷ್ ಟೈಪಿಂಗ್ ಬರುತ್ತಿತ್ತು. ಎಂಬತ್ತಮೂರರಲ್ಲಿ ಫೋರ್ಟಿನ ಒಂದು ಟೈಪ್‌ಸೆಟ್ಟಿಂಗ್ ಕಂಪೆನಿಗೆ ಸೇರಿದಳು. ಅಲ್ಲಿ ಸೀಸದ ಅಚ್ಚುಮೊಳೆಗಳನ್ನು ಜೋಡಿಸುವ ಕಾಲ ಮುಗಿದಿತ್ತು. ವಿದೇಶದಿಂದ ತರಿಸಿದ ಒಂದು ದೊಡ್ಡ ಯಂತ್ರವಿತ್ತು. ಅದಕ್ಕೆ ಜೋಡಿಸಿದ ಪರದೆಯ ಮುಂದೆ ಕೂತು ಬರಹವನ್ನು ಟೈಪ್ ಮಾಡಬೇಕು, ನಡುನಡುವೆ ಸಂಕೇತ ಸೇರಿಸಬೇಕು. ಒಂದು ಪದ ದಪ್ಪಕ್ಷರದಲ್ಲಿ ಬರಬೇಕಾದರೆ ಅದರ ಹಿಂದೆ ಒಂದು ಸಂಕೇತ, ಅದು ಮುಗಿದ ಕಡೆ ಇನ್ನೊಂದು. ಓರೆ ಅಕ್ಷರಕ್ಕೆ ಬೇರೆ, ತಲೆಬರಹಕ್ಕೆ ಬೇರೆ, ಸಾಲುಗಳ ನಡುವಿನ ಅಂತರಕ್ಕೆ ಬೇರೆ. ಬರಹ ಫೋಟೋ ಕಾಗದದ ಮೇಲೆ ಅಚ್ಚಾಗಿ ಕತ್ತಲೆ ಕೋಣೆಯಿಂದ ಹೊರಬಂದಾಗ ಸಂಕೇತಗಳು ಮಾಯವಾಗಿ ಅಕ್ಷರಗಳು ಹೇಳಿದ ಹಾಗೆ ನಿಂತಿರುತ್ತಿದ್ದವು. ತೆರೆದ ಸಂಕೇತವನ್ನು ಮುಚ್ಚಲು ಮರೆತರೆ ಇಡೀ ಪುಟ ದಪ್ಪವಾಗಿ ಬಂದು ಕಾಗದ ಹಾಳು. ಏಳು ವರ್ಷದಲ್ಲಿ ಪುಟ್ಟಲಕ್ಷ್ಮಿಯ ಕೈಯಲ್ಲಿ ಹಾಗಾದದ್ದು ಎರಡೇ ಸಲ.

"ಲಕ್ಷ್ಮೀಬೆನ್ ಕೋ ಕಂಪ್ಯೂಟರ್ ಕೀ ಭಾಷಾ ಆತೀ ಹೈ," ಎಂದು ಕಂಪೆನಿಯ ಮಾಲೀಕ ಸೇಠ್ ಬಂದವರಿಗೆಲ್ಲ ಅವಳನ್ನು ತೋರಿಸುತ್ತಿದ್ದರು. ಮಗಳು ಶಾಲೆಯ ಫಾರಮ್ಮಿನಲ್ಲಿ ತಾಯಿಯ ಉದ್ಯೋಗದ ಕಡೆ 'ಕಂಪ್ಯೂಟರ್' ಎಂದು ಬರೆದುಕೊಂಡು ಹೋಗುತ್ತಿದ್ದಳು.

ತೊಂಬತ್ತರ ಜನವರಿಯಲ್ಲಿ ಸೇಠ್ ಎರಡು ಸಣ್ಣ ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು ತಂದರು. ಪರದೆಯ ಮೇಲೆ ಪುಟ ಹೇಗೆ ಕಾಣುತ್ತದೋ ಹಾಗೆಯೇ ಕಾಗದದ ಮೇಲೆ ಬರುತ್ತಿತ್ತು. ಸಂಕೇತವೇ ಬೇಡ. ದಪ್ಪ ಬೇಕಾದರೆ ಮೌಸಿನಿಂದ ಆರಿಸಿ ಒತ್ತಿದರಾಯಿತು. ದೊಡ್ಡ ಯಂತ್ರವನ್ನು ಗುಜರಿಯವನು ಬಿಚ್ಚಿಕೊಂಡು ಹೋದ. ಸೇಠ್ ತಮ್ಮ ತಂಗಿಯ ಮಕ್ಕಳಿಬ್ಬರನ್ನು ಹೊಸ ಕಂಪ್ಯೂಟರಿನ ಮುಂದೆ ಕೂರಿಸಿದರು. ಪುಟ್ಟಲಕ್ಷ್ಮಿಯೂ ಸೇರಿ ನಾಲ್ಕು ಜನ ಹೆಂಗಸರು ಕೆಲಸ ಕಳೆದುಕೊಂಡು ಮನೆಗೆ ಬಂದರು.

ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ವಿನೋದಿನಿ ಇದ್ದಳು. ಅಂಧೇರಿಯ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಟೆಲಿಫೋನ್ ಆಪರೇಟರು.

"ಲಕ್ಷ್ಮಿಯಕ್ಕ, ನಮ್ಮಲ್ಲಿ ಜನ ಬೇಕಂತೆ. ಕಂಪ್ಯೂಟರ್ ಭಾಷೆ ಗೊತ್ತಿರುವವರು. ನಿಮಗೆ ಗೊತ್ತುಂಟಲ್ಲ, ಮತ್ತೆಂತ ಯೋಚನೆ?" ಎಂದಳು.

ಸಂದರ್ಶನ ಮಾಡಿದ ಮಾಲೀಕರು ವ್ಯಾಪಾರದ ಮನುಷ್ಯ. ಎಷ್ಟು ವರ್ಷದ ಅನುಭವ ಎಂದು ಕೇಳಿದರು. ಏಳು ಎಂದಾಗ ಹುಬ್ಬೇರಿಸಿದರು. ಆಗ ಅಲ್ಲಿದ್ದವರಲ್ಲಿ ಯಾರಿಗೂ ನಾಲ್ಕಕ್ಕಿಂತ ಹೆಚ್ಚಿರಲಿಲ್ಲ. ಅವಳು ತನ್ನ ಯಂತ್ರದ ಹೆಸರು ಹೇಳಿದಳು. ಅವರಿಗೆ ಗೊತ್ತಾಗಲಿಲ್ಲ, ಗೊತ್ತಾಗಲಿಲ್ಲವೆಂದು ಹೇಳಲೂ ಇಲ್ಲ. ಜೂನ್ ಒಂದರಿಂದ ಮೂರು ತಿಂಗಳ ಟ್ರಯಲ್ ಮೇಲೆ ಬನ್ನಿ ಎಂದರು.

ಅಲ್ಲಿನ ಹಿರಿಯ ಪ್ರೋಗ್ರಾಮರ್ ಶೇಖರ, ಧಾರವಾಡದವನು, ಮೂವತ್ತು ದಾಟಿರಲಿಲ್ಲ. ಕನ್ನಡದವರು ಸಿಕ್ಕರೆಂದು ಅವನಿಗೆ ಖುಷಿ. ಒಂದು ಕಾಲೇಜಿನ ಪರೀಕ್ಷೆಯ ಫಲಿತಾಂಶದ ಕೆಲಸ ಬಂದಿತ್ತು. ಆರುನೂರ ಹನ್ನೆರಡು ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ ಆರು ವಿಷಯ. ಅಂಕಗಳನ್ನೆಲ್ಲ ಆಗಲೇ ಯಾರೋ ಕಂಪ್ಯೂಟರಿಗೆ ತುಂಬಿದ್ದರು. ಕಾಲೇಜಿನವರು ಕೊಟ್ಟ ಕಾಗದಗಳ ಕಟ್ಟೂ ಇತ್ತು.

"ಬಾಯಾರ, ಸಣ್ಣ ಕೆಲಸ ಐತ್ರೀ," ಎಂದ ಶೇಖರ. "ಒಂದರಾಗ ಮೂವತ್ತೈದಕ್ಕಿಂತ ಕಡಿಮಿ ಇದ್ರ ಫೇಲು. ಎಲ್ಲಾ ಕೂಡಿ ನೂರಕ್ಕ ಅರವತ್ತಾದ್ರ ಫಸ್ಟ್ ಕ್ಲಾಸು. ಲಿಸ್ಟ್ ಬರೂ ಹಂಗ ಬರೀರಿ. ನಾ ನಾಶಿಕಕ್ಕ ಹೋಗಿ ನಾಕು ದಿನದಾಗ ಬರ್ತೀನಿ."

ಪುಟ್ಟಲಕ್ಷ್ಮಿ ಆ ನಾಲ್ಕು ದಿನ ಊಟದ ಡಬ್ಬಿ ತೆರೆದಳೋ ಇಲ್ಲವೋ. ಫೈಲನ್ನು ಟೈಪಿಂಗಿನ ತಂತ್ರಾಂಶದಲ್ಲಿ ತೆರೆದು, ಮೊದಲನೇ ಹುಡುಗಿಯ ಆರು ಅಂಕಗಳನ್ನು ಕಾಗದದ ಮೇಲೆ ಕೂಡಿ, 'ಪಾಸ್' ಎಂದು ಪಕ್ಕದಲ್ಲಿ ಟೈಪ್ ಮಾಡಿದಳು. ಎರಡನೆಯವನಿಗೆ 'ಫೇಲ್'. ಫಸ್ಟ್ ಕ್ಲಾಸ್ ಬಂದವರ ಹೆಸರಿಗೆ ಹಿಂದೊಂದು ಮುಂದೊಂದು ಸಂಕೇತ ಹಾಕಿ ದಪ್ಪ ಮಾಡಿದಳು. ಹೀಗೆ ಆರುನೂರ ಹನ್ನೆರಡೂ. ಮುಗಿಸಿ, ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ಕೂಡಿ ತಾಳೆ ನೋಡಿದಳು.

ಶೇಖರ ಬಂದು ಪ್ರಿಂಟನ್ನು ನೋಡಿ, "ಭಾಳ ಛಲೋ ಬಂದೈತಲ್ರೀ!" ಎಂದ. ಸಾಲುಗಳು ಗೆರೆ ಎಳೆದಂತೆ ನಿಂತಿದ್ದವು. "ಎಲ್ಲಿ, ಪ್ರೋಗ್ರಾಮ್ ತೋರಿಸ್ರಿ."

ಅವಳು ಫೈಲು ತೋರಿಸಿದಳು.

"ಇದು ಲಿಸ್ಟ್ ಆತು. ಪ್ರೋಗ್ರಾಮ್?"

"ಇದೇ ಸರ್."

ಶೇಖರ ಪರದೆಯತ್ತ ಬಗ್ಗಿದ. ಕುರ್ಚಿ ಎಳೆದುಕೊಂಡು ಕೂತು, ಒಬ್ಬ ಹುಡುಗನ ಗಣಿತದ ಮೂವತ್ನಾಲ್ಕನ್ನು ಅಳಿಸಿ ಮೂವತ್ತಾರು ಮಾಡಿದ. "ಈಗ ಇವನ ರಿಸಲ್ಟ್ ಏನು?"

"ಪಾಸು."

"ಇಲ್ಲಿ ಏನೈತಿ?"

ಅಲ್ಲಿ 'ಫೇಲ್' ಎಂದೇ ಇತ್ತು. "ಒಂದು ನಿಮಿಷ ಕೊಡಿ ಸರ್, ಬದಲಾಯಿಸ್ತೀನಿ," ಎಂದು ಅವಳು ಕೀಲಿಗಳತ್ತ ಕೈ ಚಾಚಿದಳು. ಶೇಖರ ಬೇಡವೆಂದು ಕೈ ಅಡ್ಡ ಹಿಡಿದ. ಆಗ ಅವಳಿಗೆ ಏನೋ ತಪ್ಪಾಗಿದೆ ಎಂದು ಗೊತ್ತಾಯಿತು. ಏನೆಂದು ಗೊತ್ತಾಗಲಿಲ್ಲ.

"ಬಾಯಾರ, ನಾಕೂ ದಿನ ನೀವು ಒಂದೊಂದ ನೋಡಿ ಬರದ್ರೇನು?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ನೋಡ್ರಿ, ನೀವು ಡಬ್ಬಿಗಳ ಮ್ಯಾಲೆ ಚೀಟಿ ಹಚ್ಚೀರಿ. ಇದು ಉಪ್ಪು, ಇದು ಸಕ್ಕರಿ, ಇದು ಚಾಪುಡಿ. ಚೀಟಿ ಚಂದ ಐತಿ, ಖರೇನೂ ಐತಿ. ಆದ್ರ ಚೀಟಿಗೆ ಚಾ ಮಾಡಾಕ ಬರಂಗಿಲ್ಲ. ಚಾ ಹೆಂಗ ಮಾಡೂದು ಅಂತ ಮೆಷೀನಿಗೆ ಒಮ್ಮೆ ಹೇಳಿಬಿಡೂದು, ಅದು ಪ್ರೋಗ್ರಾಮು. ನೀರು ಕುದ್ರ ಇದು ಮಾಡು, ಕುದೀಲಿಲ್ಲ ಅಂದ್ರ ಕಾಯ್ತಿರು. ಮುಂದಿನ ವರ್ಷ ಬ್ಯಾರೆ ಆರುನೂರು ಮಂದಿ ಬಂದ್ರ ಅದ ಪ್ರೋಗ್ರಾಮ್ ನಡೀಬೇಕು. ನೀವು ಮತ್ತ ನಾಕು ದಿನ ಕುಂದ್ರಬಾರದು."

"ಹಾಗಾದ್ರೆ ಏಳು ವರ್ಷ ನಾನು ಮಾಡಿದ್ದು?"

"ಅದೂ ಭಾಷಾನ ರೀ. ಇದು ಏನು, ಹೆಂಗ ಕಾಣಬೇಕು ಅಂತ ಹೇಳೂ ಭಾಷಾ. ಏನು ಮಾಡು ಅಂತ ಹೇಳೂದಲ್ಲ."

ಅವನು ಒಳ್ಳೆಯವನು. ಮಾಲೀಕರಿಗೆ ತಿಳಿಸದೆ ತಾನೇ ಆ ಮಧ್ಯಾಹ್ನ ಪ್ರೋಗ್ರಾಮ್ ಬರೆದ, ನಲವತ್ತೆಂಟು ಸಾಲು. ಅವಳಿಗೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಪುಸ್ತಕ ಕೊಟ್ಟು, "ಮುಂದಿನ ಕೆಲಸ ಬರಾಕ ಹದಿನೈದು ದಿನ ಐತಿ, ಕಲೀರಿ," ಎಂದ.

ಆ ಹದಿನೈದು ದಿನ ಅವಳು ಲೋಕಲ್ಲಿನಲ್ಲಿ ನಿಂತುಕೊಂಡೇ ಓದಿದಳು. ಕೆಲವು ಅರ್ಥವಾದವು. ಒಂದು ಕಡೆ ಮಾತ್ರ ನಿಂತುಹೋಗುತ್ತಿದ್ದಳು: ಪುಸ್ತಕದಲ್ಲಿ 'ಐ ಸಮ ಐ ಕೂಡಿಸು ಒಂದು' ಎಂದಿತ್ತು. ಯಾವ ಸಂಖ್ಯೆಯೂ ತನಗೆ ಒಂದು ಸೇರಿಸಿದ್ದಕ್ಕೆ ಸಮವಾಗುವುದು ಹೇಗೆ? ಏಳು ವರ್ಷ ಅಚ್ಚಿನ ತಪ್ಪು ಹಿಡಿದವಳು. ಅಚ್ಚಿನ ತಪ್ಪೇ ಇರಬೇಕೆಂದು ಪೆನ್ಸಿಲಿನಿಂದ ಅದನ್ನು ಹೊಡೆದು, ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದಳು. ಮುಂದಿನ ಪುಟದಲ್ಲಿ ಮತ್ತೆ ಬಂತು. ಅಲ್ಲೂ ಹೊಡೆದಳು. ಯಾರನ್ನಾದರೂ ಕೇಳಬಹುದಿತ್ತು. ಇಪ್ಪತ್ತೆರಡರ ಹುಡುಗರ ಮುಂದೆ ಮೂವತ್ತೆಂಟರ ಹೆಂಗಸು ಇದನ್ನು ಕೇಳುವುದು ಹೇಗೆ ಎಂದು ಸುಮ್ಮನಾದಳು.

ಹದಿನಾಲ್ಕನೇ ದಿನ ತಾನೇ ಒಂದು ಪ್ರೋಗ್ರಾಮ್ ಬರೆದಳು. ಅಂಕ ಓದಬೇಕು, ಪಾಸೋ ಫೇಲೋ ನಿರ್ಧರಿಸಬೇಕು, ಹೆಸರು ಅಚ್ಚು ಹಾಕಬೇಕು, ಮುಂದಿನ ಹೆಸರಿಗೆ ಹೋಗಬೇಕು. ತಪ್ಪು ಎಂದು ತಾನು ಹೊಡೆದಿದ್ದ ಆ ಸಾಲನ್ನು ಬಿಟ್ಟು ಉಳಿದುದೆಲ್ಲವನ್ನೂ ಸರಿಯಾಗಿ ಬರೆದಿದ್ದಳು. ಅದನ್ನು ಯಂತ್ರದಲ್ಲಿ ಓಡಿಸಿದಳು. ಪ್ರಿಂಟರ್ ಕಿರ್ರೆಂದು ಶುರುವಾಯಿತು. 'ಅಡ್ಸೂಳ್ ಅನಿತಾ, ಪಾಸ್.' ಅವಳಿಗೆ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ. ಎರಡನೇ ಸಾಲೂ ಬಂತು. 'ಅಡ್ಸೂಳ್ ಅನಿತಾ, ಪಾಸ್.' ಮೂರನೆಯದೂ ಅದೇ. ಮುಂದಿನ ಹೆಸರಿಗೆ ಹೋಗು ಎಂದು ಯಂತ್ರಕ್ಕೆ ಹೇಳುವ ಸಾಲನ್ನೇ ತಾನು ಬಿಟ್ಟದ್ದು ಎಂದು ಅವಳಿಗೆ ಆ ಕ್ಷಣ ಹೊಳೆಯಿತು. ಒಂದು ಎಣಿಸಿ ಮುಗಿಸಿದ ಮೇಲೆ ಎರಡಕ್ಕೆ ಹೋಗು ಎನ್ನುವ ಅಪ್ಪಣೆ, ಲೆಕ್ಕದ ಸಮೀಕರಣವಲ್ಲ. ಆದರೆ ನಿಲ್ಲಿಸುವುದು ಹೇಗೆಂದು ಗೊತ್ತಿರಲಿಲ್ಲ. ಉದ್ದನೆಯ ಕಾಗದ ಮಡಿಕೆ ಬಿಚ್ಚಿಕೊಂಡು ನೆಲದ ಮೇಲೆ ಬೀಳುತ್ತಲೇ ಇತ್ತು. ಹುಡುಗರು ಎದ್ದು ಬಂದು ನಗತೊಡಗಿದರು. ಶೇಖರ ಊಟಕ್ಕೆ ಹೋಗಿದ್ದ. ಅವಳು ಗಾಬರಿಯಿಂದ ಗೋಡೆಯ ಸ್ವಿಚ್ಚನ್ನೇ ಆರಿಸಿದಳು. ಅದೇ ಸ್ವಿಚ್ಚಿನಲ್ಲಿ ಪಕ್ಕದ ಎರಡು ಕಂಪ್ಯೂಟರುಗಳೂ ಇದ್ದವು. ಇಬ್ಬರು ಬೆಳಗಿನಿಂದ ಮಾಡಿದ್ದ ಕೆಲಸ ಅಳಿಸಿಹೋಯಿತು.

ಮಾಲೀಕರು ಹೊರಗೆ ಬಂದು ನೆಲದ ಮೇಲಿನ ಕಾಗದವನ್ನು ಎತ್ತಿ ನೋಡಿದರು. ಸಂಜೆ ಅವಳನ್ನು ಒಳಗೆ ಕರೆದರು. "ನಿಮ್ಮದು ತಪ್ಪು ಅಂತ ಹೇಳಲ್ಲ, ನಾನೇ ಸರಿಯಾಗಿ ಕೇಳಬೇಕಾಗಿತ್ತು," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮರುದಿನದಿಂದ ಬರಬೇಡಿ ಎಂದರು.

ಸ್ಟೇಷನ್ನಿನ ದಾರಿಯಲ್ಲಿ ವಿನೋದಿನಿಯ ಕೈ ಹಿಡಿದು, "ನಮ್ಮನೆಯವರಿಗೆ ಹೇಳಬೇಡ ಕಣೆ. ಇನ್ನೊಂದು ಕೆಲಸ ಸಿಗೋವರೆಗೆ," ಎಂದಳು.

"ನಾನೆಂತಕ್ಕೆ ಹೇಳಲಿ?" ಎಂದಳು ವಿನೋದಿನಿ.

ಮರುದಿನ ಎಂದಿನ ಹಾಗೆ ಎದ್ದಳು. ಡಬ್ಬಿ ಕಟ್ಟಿಕೊಂಡಳು. ಎಂಟು ಹನ್ನೆರಡರ ಲೋಕಲ್ ಹಿಡಿದು ದಾದರಿನಲ್ಲಿ ಇಳಿದಳು. ಅಲ್ಲಿಂದ ಅಂಧೇರಿಯ ಗಾಡಿ ಹತ್ತುವುದರ ಬದಲು ಫೋರ್ಟಿಗೆ ಹೋದಳು. ಅಚ್ಚಿನ ಮನೆಗಳ ಗಲ್ಲಿಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಕೇಳಿದಳು. ಎಲ್ಲೆಡೆ ಮೌಸು ಬಂದಿತ್ತು. ಹೊಸ ತಂತ್ರಾಂಶ ಗೊತ್ತೇ ಎನ್ನುವರು. ಕಲಿಸಿದರೆ ಕಲಿಯುತ್ತೇನೆ ಎಂದರೆ ವಯಸ್ಸೆಷ್ಟು ಎನ್ನುವರು. ವಾರ ಕಳೆಯಿತು. ಮಳೆ ಹಿಡಿದುಕೊಂಡಿತು. ಹತ್ತಲು ಮೆಟ್ಟಿಲು ಉಳಿಯದ ದಿನಗಳಲ್ಲಿ ದಾದರ್ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮಿನಲ್ಲಿ ಕೂತು, ಅಲ್ಲೇ ಡಬ್ಬಿ ಬಿಚ್ಚಿ, ಐದು ಗಂಟೆಯವರೆಗೆ ಗಡಿಯಾರ ನೋಡುತ್ತಿದ್ದಳು.

ಶೇಖರನ ಪುಸ್ತಕ ಚೀಲದಲ್ಲೇ ಉಳಿದಿತ್ತು. ಒಂದು ದಿನ ಅದನ್ನು ತೆಗೆದು ತಾನು ಹಾಕಿದ್ದ ಪೆನ್ಸಿಲ್ ಗುರುತುಗಳನ್ನೆಲ್ಲ ರಬ್ಬರಿನಿಂದ ಅಳಿಸಿದಳು. ಈಗ ಅರ್ಥವಾಗುತ್ತಿತ್ತು. ಅರ್ಥವಾಗಿ ಮಾಡುವುದೇನು, ಕಂಪ್ಯೂಟರ್ ಎಲ್ಲಿದೆ? ಇನ್ನೊಂದು ದಿನ ನಿಲ್ಲದೆ ಹೋಗುವ ಗಾಡಿಯೊಂದು ಬರುವ ಹೊತ್ತಿಗೆ ತಾನು ಪ್ಲಾಟ್‌ಫಾರಮ್ಮಿನ ತೀರಾ ಅಂಚಿನಲ್ಲಿ ನಿಂತಿದ್ದದ್ದು ಅವಳಿಗೇ ತಿಳಿಯಲಿಲ್ಲ. ಮೀನಿನ ಬುಟ್ಟಿಯ ಹೆಂಗಸೊಬ್ಬಳು, "ಏ ಬಾಯಿ, ಮಾಗೆ ಹೋ!" ಎಂದು ತೋಳು ಹಿಡಿದು ಹಿಂದಕ್ಕೆ ಎಳೆದಳು. ಗಾಡಿ ಹೋಯಿತು. ಆ ಹೆಂಗಸು ಬೈದುಕೊಂಡು ಲಗೇಜ್ ಡಬ್ಬ ನಿಲ್ಲುವ ಕಡೆ ನಡೆದಳು. ಪುಟ್ಟಲಕ್ಷ್ಮಿ ಗೋಡೆ ಪಕ್ಕದ ಬೆಂಚಿಗೆ ಹೋಗಿ ಕೂತಳು.

ಕೆಲಸ ಹೋಗಿ ನಲವತ್ತನೆಯ ದಿನಕ್ಕೋ ಏನೋ, ಒಂದು ಭಾನುವಾರ ಬೆಳಿಗ್ಗೆ, ಸುಮಿತ್ರಾ ಟ್ಯೂಷನ್ನಿಗೆ ಹೋಗಿದ್ದಳು. ಪುಟ್ಟಲಕ್ಷ್ಮಿ ಅಕ್ಕಿ ಆರಿಸುತ್ತಿದ್ದಳು. ಸ್ಟೂಲಿನ ಮೇಲಿಂದ ಜಯಸಿಂಹ ಹೇಳಿದ: "ನಾಳೆಯಿಂದ ಹೋಗಬೇಡ."

"ಎಲ್ಲಿಗೆ?"

"ದಾದರಿಗೆ."

ಅವಳ ಕೈ ಮೊರದಲ್ಲೇ ನಿಂತಿತು.

"ಕೆಲಸ ಹೋದದ್ದು ವಿನೋದಿನಿ ಆವತ್ತೇ ಹೇಳಿದಳು, ಆಮೇಲೆ ನಿನ್ನನ್ನು ದಾದರಿನಲ್ಲಿ ನೋಡಿದ್ದೂ ಹೇಳಿದಳು. ನೀನಾಗಿ ಹೇಳ್ತೀಯೇನೋ ಅಂತ ಕಾದೆ."

ಮೊರ ನೆಲಕ್ಕೆ ಬಿತ್ತು. ಎಂಟು ವರ್ಷದಿಂದ ಕಟ್ಟಿಟ್ಟದ್ದೆಲ್ಲ ಅವಳ ಬಾಯಿಂದ ಹೊರಬಂತು. "ಕಾದ್ರಾ? ನೀವು ಕಾಯೋದು ಬಿಟ್ಟು ಇನ್ನೇನು ಮಾಡಿದೀರಿ? ಗೊತ್ತಿದ್ದೂ ದಿನಾ ಡಬ್ಬಿ ಕಟ್ಟೋದು ನೋಡ್ತಾ ಕೂತಿದ್ರಾ? ನಾನು ಅಲ್ಲಿ ಸಾಯ್ತಾ ಇದ್ದೆ ಕಣ್ರೀ. ನಿಜವಾಗಿ ಸಾಯ್ತಾ ಇದ್ದೆ."

ಜಯಸಿಂಹ ತಲೆ ತಗ್ಗಿಸಿಕೊಂಡೇ ಹೇಳಿದ. "ಮಿಲ್ಲು ಮುಚ್ಚಿದ ಮೇಲೆ ನಾನೂ ಹನ್ನೊಂದು ತಿಂಗಳು ಹೋಗ್ತಿದ್ದೆ. ಗೇಟಿನ ಎದುರು ಮರದ ಕೆಳಗೆ ಕೂತು ಬರ್ತಿದ್ದೆ. ಕೆಲಸ ಹುಡುಕ್ತಿದೀನಿ ಅಂತ ನಿನಗೆ ಹೇಳ್ತಿದ್ದೆ."

"ಗೊತ್ತಿತ್ತು," ಎಂದಳು ಪುಟ್ಟಲಕ್ಷ್ಮಿ. ಅದು ಅವಳಿಗೆ ಅರಿವಿಲ್ಲದೆ ಬಾಯಿಂದ ಬಂದ ಮಾತು. "ನಿಮ್ಮ ಜೊತೆ ಕೆಲಸ ಮಾಡ್ತಿದ್ದ ತಿರುಮಲೇಶ ಬಂದು ಹೇಳಿದ್ರು."

"ಗೊತ್ತಿದ್ದೂ ನನಗೆ ಡಬ್ಬಿ ಕಟ್ಟಿದೆ?"

"ಕಟ್ಟಿದೆ. ಇನ್ನೇನು ಮಾಡಬೇಕಾಗಿತ್ತು?"

ಜಯಸಿಂಹ ಸ್ಟೂಲಿನಿಂದ ಇಳಿದು ಚೆಲ್ಲಿದ ಅಕ್ಕಿಯನ್ನು ಕೈಯಿಂದ ಬಳಿಯತೊಡಗಿದ. ಆ ದಿನವೇ ಎಲ್ಲ ಸರಿಹೋಯಿತೆಂದಲ್ಲ. ಆದರೆ ಮುಂದಿನ ವಾರ ಅವನು ಗಡ್ಡ ಬೋಳಿಸಿಕೊಂಡು ಹೊರಟು, ಕೊರಿಯರ್ ಕಂಪೆನಿಯೊಂದರಲ್ಲಿ ಲಕೋಟೆಗಳನ್ನು ಊರುಗಳ ಪ್ರಕಾರ ವಿಂಗಡಿಸುವ ಕೆಲಸ ಹಿಡಿದ. ಅವಳು ಒಬ್ಬ ವಕೀಲರ ಬಳಿ ದಿನಗೂಲಿಗೆ ಟೈಪಿಂಗಿಗೆ ಹೋದಳು. ಚಳಿಗಾಲ ಹಾಗೆ ಹೋಯಿತು. ಅನ್ನಕ್ಕೆ ಸಾರು ಒಂದೇ, ಎರಡು ಹೊತ್ತಿಗೂ.

ತೊಂಬತ್ತೊಂದರ ಮಾರ್ಚಿನಲ್ಲಿ ವಿನೋದಿನಿ ಒಂದು ಚೀಟಿ ತಂದಳು. ಶೇಖರ ಕೆಲಸ ಬದಲಿಸಿ ವಿಕ್ರೋಲಿಯ ಹೊಸ ಕಂಪೆನಿಗೆ ಹೋಗಿದ್ದ. ಒಮ್ಮೆ ಬಂದು ಕಾಣಬೇಕೆಂದು ಬರೆದಿದ್ದ. ಪುಟ್ಟಲಕ್ಷ್ಮಿ ಎರಡು ದಿನ ಹೋಗಲಿಲ್ಲ. ಮೂರನೇ ದಿನ ಪುಸ್ತಕ ಹಿಂದಿರುಗಿಸುವ ನೆಪದಲ್ಲಿ ಹೋದಳು.

"ಬಾಯಾರ, ಆವತ್ತು ನಿಮ್ಮ ಲಿಸ್ಟು, ನನ್ನ ಪ್ರೋಗ್ರಾಮಿನ ಲಿಸ್ಟು ತಾಳೆ ಹಾಕಿ ನೋಡಿದ್ದೆ," ಎಂದ ಅವನು. "ಮೂರು ಹೆಸರಿಗೆ ಫರಕು ಬಂತು. ಮೂರೂ ನಂದ ತಪ್ಪು. ಆ ಮೂವರು ಆಟದ ಪಂದ್ಯಕ್ಕ ಹೋಗಿ ಒಂದು ಪೇಪರ್ ಬರದಿರಲಿಲ್ಲ. ಅವರ ರಿಸಲ್ಟ್ ತಡೀರಿ ಅಂತ ಕಾಲೇಜಿನವರು ಕಾಗದದ ಅಂಚಿನಾಗ ಪೆನ್ನಿಲೆ ಬರದಿದ್ರು. ನಾ ನೋಡಿರಲಿಲ್ಲ. ನೀವು ನೋಡಿ ಆ ಮೂರಕ್ಕ 'ತಡೆ' ಅಂತ ಹಾಕಿದ್ರಿ."

ಇಲ್ಲಿನ ಕೆಲಸವೇ ಬೇರೆ. ವಿಲಾಯತಿಯ ಪ್ರಕಾಶಕರೊಬ್ಬರ ಗಿಡಮರಗಳ ದೊಡ್ಡ ನಿಘಂಟನ್ನು ಕಂಪ್ಯೂಟರಿಗೆ ತುಂಬಬೇಕಿತ್ತು, ಪ್ರತಿ ಪದಕ್ಕೂ ಗುರುತು ಹಾಕಿ. ಹುಡುಗರು ಅದಕ್ಕೂ ಒಂದು ಪ್ರೋಗ್ರಾಮ್ ಬರೆದಿದ್ದರು. ಓರೆ ಅಕ್ಷರದಲ್ಲಿ ಇರುವುದೆಲ್ಲ ಗಿಡದ ಹೆಸರು ಎಂದು ಅದು ಗುರುತು ಹಾಕಿತ್ತು. ಆದರೆ ಪುಸ್ತಕಗಳ ಹೆಸರೂ ಓರೆಯಲ್ಲೇ ಇತ್ತು, ಬೇರೆ ಭಾಷೆಯ ಪದವೂ ಓರೆಯಲ್ಲೇ ಇತ್ತು. ಪ್ರಕಾಶಕರು ಮೊದಲ ಕಂತನ್ನೇ ತಿರಸ್ಕರಿಸಿದ್ದರು.

ಪುಟ್ಟಲಕ್ಷ್ಮಿ ಕೂರದೆ ನಿಂತೇ ಹೇಳಿದಳು: "ಸರ್, ಮೊದಲೇ ಹೇಳಿಬಿಡ್ತೀನಿ. ನನಗೆ ಪ್ರೋಗ್ರಾಮಿಂಗ್ ಬರಲ್ಲ. ಓದಿದೀನಿ, ಅರ್ಥ ಆಗತ್ತೆ, ಆದರೆ ಬರಲ್ಲ. ಗುರುತು ಹಾಕೋದು ಬರತ್ತೆ."

"ಅದಕ್ಕ ಕರದದ್ದು," ಎಂದ ಶೇಖರ.

ಪರೀಕ್ಷೆಗೆ ಒಂದು ಪುಟ ಕೊಟ್ಟರು. ಮೊದಲು ಅವಳು ಅಭ್ಯಾಸಬಲದಿಂದ 'ಇದು ಓರೆ, ಇದು ದಪ್ಪ' ಎಂದೇ ಸಂಕೇತ ಹಾಕಿಬಿಟ್ಟಳು. ಹೇಗೆ ಕಾಣಬೇಕು ಅನ್ನುವುದಲ್ಲ, ಇದು ಏನು ಅನ್ನುವುದನ್ನು ಬರೆಯಬೇಕು ಎಂದು ಶೇಖರ ತಿದ್ದಿದ. ಮತ್ತೊಮ್ಮೆ ಅದೇ ಅವಮಾನವೇ ಎಂದುಕೊಂಡಳು. ಈ ಸಲ ಬಾಯಿ ಬಿಟ್ಟು ಕೇಳಿದಳು, ನಾಚಿಕೆ ನುಂಗಿಕೊಂಡು ಹತ್ತು ಪ್ರಶ್ನೆ ಕೇಳಿದಳು. ಎರಡನೇ ಪುಟ ಸರಿಯಾಯಿತು. ಸಂಜೆಯೊಳಗೆ ಒಂಬತ್ತು ಪುಟ.

ಕೆಲಸದ ಕಾಗದ ಕೊಟ್ಟದ್ದು ತೊಂಬತ್ತು ದಿನಕ್ಕೆ ಮಾತ್ರ. ಅದು ಮುಗಿದಾಗ ಇನ್ನೊಂದು ತೊಂಬತ್ತು. ಪ್ರತಿ ಸಲವೂ ಎಂಬತ್ತೈದನೇ ದಿನದಿಂದ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಗೋದಾಮಿನಂಥ ಆ ಕೋಣೆಯಲ್ಲಿ ಅರವತ್ತು ಹೆಂಗಸರು ಸಾಲಾಗಿ ಕೂತು ಗುರುತು ಹಾಕುತ್ತಿದ್ದರು. ಪ್ರೋಗ್ರಾಮರುಗಳು ಮೇಲಿನ ಮಹಡಿಯಲ್ಲಿ, ಏಸಿಯಲ್ಲಿ. ಸಂಬಳದಲ್ಲಿ ಮೂರು ಪಟ್ಟು ವ್ಯತ್ಯಾಸ. ಇದು ನ್ಯಾಯವಲ್ಲವೆಂದು ಅವಳಿಗೆ ಗೊತ್ತಿತ್ತು. ಹೇಳಲು ಧೈರ್ಯವಿರಲಿಲ್ಲ.

ತೊಂಬತ್ತಮೂರರಲ್ಲಿ ನಿಘಂಟು ಮುಗಿಯಿತು. ಆಮೇಲೆ ಒಂದು ಕಾನೂನಿನ ಗ್ರಂಥಮಾಲೆ ಬಂತು. ಹನ್ನೊಂದು ಹೊಸ ಹುಡುಗಿಯರಿಗೆ ಕಲಿಸುವ ಕೆಲಸ ಪುಟ್ಟಲಕ್ಷ್ಮಿಗೆ ಬಿತ್ತು. ಮೊದಲ ದಿನವೇ ಅವರಿಗೆ ಕಟ್ಟುನಿಟ್ಟಾಗಿ ಹಿಂದಿಯಲ್ಲಿ ಹೇಳಿದಳು: ಯಾರಾದರೂ ಕೇಳಿದರೆ ಪ್ರೋಗ್ರಾಮರ್ ಎಂದು ಹೇಳಬೇಡಿ, ಬೇರೆ ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ. ಹುಡುಗಿಯರು ಮುಸಿಮುಸಿ ನಕ್ಕರು. ಅವರಲ್ಲೊಬ್ಬಳ ಲಗ್ನಪತ್ರಿಕೆ ಬಂದಾಗ ಹೆಸರಿನ ಕೆಳಗೆ 'ಕಂಪ್ಯೂಟರ್ ಪ್ರೋಗ್ರಾಮರ್' ಎಂದು ಅಚ್ಚಾಗಿತ್ತು. ಪುಟ್ಟಲಕ್ಷ್ಮಿ ಜಯಸಿಂಹನನ್ನು ಕರೆದುಕೊಂಡು ಮದುವೆಗೆ ಹೋಗಿ, ಅಕ್ಷತೆ ಹಾಕಿ, ಊಟ ಮಾಡಿ ಬಂದಳು. ಮಾರನೆಯ ದಿನ ಅವಳ ತೊಂಬತ್ತು ದಿನದ ಕೆಲಸದ ಕಾಗದ ಮುಗಿದು ಮತ್ತೆ ಹೊಸದಾಗಬೇಕಿತ್ತು.